ಫ್ಲಾಟಿನಲ್ಲಿ ಸ್ಟೀರಿಯೊ: ಗೋಡೆ ದಾಟುವ ಸ್ವರ ಯಾವುದು?

ರಾತ್ರಿಯೂಟ ಮುಗಿಸಿ, ಸ್ಟೀರಿಯೊದಲ್ಲಿ ಕರ್ನಾಟಕ ಸಂಗೀತದ ಕಛೇರಿಯೊಂದನ್ನು ಹಾಕಿ ಕುಳಿತಿರುತ್ತೀರಿ. ಸದ್ದು ಅಷ್ಟೇನೂ ಇಲ್ಲವೆಂದು ನಿಮ್ಮ ಭಾವನೆ. ಅಷ್ಟರಲ್ಲಿ ಕರೆಗಂಟೆ ಬಾರಿಸುತ್ತದೆ. ಕೆಳಮನೆಯವರು ನಿಂತಿದ್ದಾರೆ, ಅವರ ಮಗು ಬೆಚ್ಚಿ ಎದ್ದಿದೆ. ಇಬ್ಬರದೂ ಸುಳ್ಳಲ್ಲ. ಗಾಯಕರ ಕಂಠವಾಗಲಿ ಪಿಟೀಲಾಗಲಿ ಅವರಿಗೆ ಕೇಳಿಸಿರಲಾರದು. ಕೇಳಿಸಿದ್ದು ಮೃದಂಗದ ಎಡಭಾಗದ ಗುಮ್ಮೆಂಬ ನಾದ.

ತಾರಸ್ಥಾಯಿಯ ಸ್ವರಗಳನ್ನು ಗೋಡೆ ಬಹುಮಟ್ಟಿಗೆ ತಡೆಯುತ್ತದೆ. ಮಂದ್ರವನ್ನು ತಡೆಯುವುದು ಅದಕ್ಕೆ ಕಷ್ಟ. 50 ಹರ್ಟ್ಸ್ ಧ್ವನಿಯ ತರಂಗದ ಉದ್ದ ಸುಮಾರು 7 ಮೀಟರ್. ಪರದೆ, ಜಮಖಾನೆಗಳು ಅದಕ್ಕೆ ಲೆಕ್ಕಕ್ಕಿಲ್ಲ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವವರೂ ಉಂಟು. ಕೋಣೆಯ ಅಂದ ಕೆಡುತ್ತದೆಯೇ ಹೊರತು ನೆರೆಯವರಿಗೆ ನಿದ್ದೆ ಬಾರದು. ಮೇಲಾಗಿ, ನೆಲಕ್ಕೆ ತಾಗಿದ ಸ್ಪೀಕರ್ ಪೆಟ್ಟಿಗೆಯ ಕಂಪನ ಕಾಂಕ್ರೀಟಿನ ಮೂಲಕವೇ ಕೆಳಮನೆಯ ಸೂರಿಗೆ ಇಳಿಯುತ್ತದೆ.

ಆದ್ದರಿಂದ ಮೊದಲು ಸ್ಪೀಕರುಗಳನ್ನು ಮೂಲೆಯಿಂದ ಹೊರಗೆ ಸರಿಸಬೇಕು. ಮೂಲೆಯಲ್ಲಿ ಮಂದ್ರ ಉಬ್ಬುತ್ತದೆ. ಪಕ್ಕದ ಮನೆಗೆ ಹೊಂದಿಕೊಂಡ ಗೋಡೆಯಿಂದಲೂ ದೂರವಿರಲಿ. ಪೆಟ್ಟಿಗೆಯ ಅಡಿಗೆ ಮೆತ್ತನೆಯ ದಪ್ಪ ರಬ್ಬರ್ ಇಡಬೇಕು. ಸಬ್‌ವೂಫರ್ ಇದ್ದರೆ ರಾತ್ರಿ ಅದಕ್ಕೆ ವಿಶ್ರಾಂತಿ. ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ: ಹತ್ತಿರ ಕುಳಿತು ಕೇಳುವುದು. ಬಯಲಿನಲ್ಲಿ ಅಂತರ ಅರ್ಧಕ್ಕಿಳಿದರೆ ಧ್ವನಿಮಟ್ಟ 6 ಡೆಸಿಬಲ್ ಏರುತ್ತದೆ. ಕೋಣೆಯಲ್ಲಿ ಅಷ್ಟಾಗದಿದ್ದರೂ ವಾಲ್ಯೂಮ್ ತಗ್ಗಿಸುವಷ್ಟು ಲಾಭವಂತೂ ಇದೆ.

ವಾಲ್ಯೂಮ್ ತಗ್ಗಿದಾಗ ಸಂಗೀತ ಸಪ್ಪೆಯೆನಿಸುವುದು ಸಹಜ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿ ಮಂದ್ರಕ್ಕೆ ಮಂದವಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದರು. ಆಂಪ್ಲಿಫೈಯರಿನ 'ಲೌಡ್‌ನೆಸ್' ಗುಂಡಿ ಈ ಕೊರತೆಯನ್ನು ತುಂಬಲೆಂದೇ ಇದೆ. ಆದರೆ ಅದು ತುಂಬುವುದು ಗೋಡೆ ದಾಟುವ ಸ್ವರವನ್ನೇ! ತುಂಬುನಾದ ಬೇಕೇಬೇಕೆಂದರೆ ರಾತ್ರಿಗೆ ಹೆಡ್‌ಫೋನೇ ಲೇಸು.

ಶಬ್ದಮಾಲಿನ್ಯ ನಿಯಂತ್ರಣಕ್ಕೆ 2000ದಲ್ಲಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್. ಆದರೆ ಈ ಅಳತೆಯ 'ಎ' ಮಾಪನ ಮಂದ್ರವನ್ನು ಬಹಳ ಕಡಿಮೆ ಎಣಿಸುತ್ತದೆ. ಮೀಟರು ಸುಮ್ಮನಿದ್ದರೂ ಮಗು ಏಳಬಹುದು. ನಿಯಮ ತೋರಿಸಿ ವಾದಿಸುವ ಬದಲು, ಒಂದು ಸಂಜೆ ಕೆಳಮನೆಯವರನ್ನು ಅವರ ಮಲಗುವ ಕೋಣೆಯಲ್ಲಿ ನಿಲ್ಲಿಸಿ, ಫೋನಿನಲ್ಲಿ ಕೇಳುತ್ತ ವಾಲ್ಯೂಮ್ ತಿರುಗಿಸಿ ನೋಡಿ. ಅವರಿಗೆ ಏನೂ ಕೇಳಿಸದ ಜಾಗದಲ್ಲಿ ಗುಂಡಿಯ ಪಕ್ಕ ಉಗುರುಬಣ್ಣದ ಒಂದು ಚುಕ್ಕೆ ಇಟ್ಟುಕೊಳ್ಳಿ.