ಶುಗರ್ ಸುಮ್ನೆ ಲೋ ಆಗಲ್ಲ: ಕಾರಣ ಹುಡುಕೋದು ಹೇಗೆ?

ಇವತ್ತಿನ ವಿಷಯ ಲೋ ಶುಗರ್.

ನಮ್ಮ ವಿಜಯನಗರದ ಪಾರ್ಕ್‌ಗಳಲ್ಲಿ ಬೆಳಗ್ಗೆ ವಾಕಿಂಗ್ ಬರೋರ ನಡುವೆ 'ಶುಗರ್ ಎಷ್ಟಿದೆ?' ಅನ್ನೋದು 'ತಿಂಡಿ ಆಯ್ತಾ?' ಅನ್ನುವಷ್ಟೇ ಮಾಮೂಲಿ ಪ್ರಶ್ನೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ. ಎಲ್ಲರ ಭಯ ಹೈ ಶುಗರ್ ಬಗ್ಗೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಿಸಬಲ್ಲದ್ದು ಲೋ ಶುಗರ್. ಮನೆಯಲ್ಲಿ ಅಪ್ಪ-ಅಮ್ಮನಿಗೆ ಮಾತ್ರೆ, ಇನ್ಸುಲಿನ್ ತಂದುಕೊಡೋರು ನೀವೇ ಆಗಿದ್ರೆ, ಇದು ನಿಮಗೆ ಗೊತ್ತಿರಲೇಬೇಕು.

ರೀಡಿಂಗ್ 70ಕ್ಕಿಂತ ಕಡಿಮೆ ಬಂದ್ರೆ ಲೋ. 54ಕ್ಕಿಂತ ಕೆಳಗೆ ಹೋದ್ರೆ ಗಂಭೀರ. ಬೆವರು, ನಡುಕ, ಹಸಿವು, ತಲೆ ಗಿರ್ ಅನ್ನೋದು, ಮಾತು ತೊದಲೋದು, ಕಾರಣವಿಲ್ಲದ ಸಿಟ್ಟು ಇದರ ಲಕ್ಷಣಗಳು. ಮೊದಲು ಚಿಕಿತ್ಸೆ, ಆಮೇಲೆ ತನಿಖೆ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್ ಮಾಡಿ. ಇನ್ನೂ 70 ದಾಟಿಲ್ಲ ಅಂದ್ರೆ ಇನ್ನೊಂದು ಸಲ ಕೊಡಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರೋ ಮಾತ್ರೆ ತಗೊಳ್ಳೋರಿಗೆ ಸಕ್ಕರೆ ನಿಧಾನವಾಗಿ ಕೆಲಸ ಮಾಡುತ್ತೆ, ಗ್ಲೂಕೋಸೇ ಬೇಕು. ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಈಗ ತನಿಖೆಗೆ ಬರೋಣ. ಲೋ ಆದ ತಕ್ಷಣ 'ಊಟ ಸರಿಯಾಗೇ ಮಾಡಿದ್ರಲ್ಲಾ, ಮತ್ಯಾಕೆ?' ಅಂತ ಕೇಳ್ತೀವಿ. ನಾವು ನೋಡೋದು ಹಿಂದಿನ ಒಂದು ಗಂಟೆಯನ್ನ ಮಾತ್ರ. ಕಾರಣ ಬಹಳ ಸಲ ನಿನ್ನೆಯದ್ದಾಗಿರುತ್ತೆ.

ನಿನ್ನೆ ಮಾಮೂಲಿಗಿಂತ ಜಾಸ್ತಿ ನಡೆದ್ರಾ? ವ್ಯಾಯಾಮದ ಪರಿಣಾಮ 24 ಗಂಟೆವರೆಗೂ ಇರಬಹುದು, ಹಾಗಾಗಿ ಸಂಜೆ ಓಡಿದವರಿಗೆ ಮಧ್ಯರಾತ್ರಿ ಲೋ ಆಗಬಹುದು. ರಾತ್ರಿ ಮದ್ಯ ಕುಡಿದಿದ್ರಾ? ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸೋದನ್ನ ಆಲ್ಕೋಹಾಲ್ ತಡೆಯುತ್ತೆ, ಏಟು ಬೀಳೋದು ಮರುದಿನ ಬೆಳಗ್ಗೆ. ಏಕಾದಶಿ ಉಪವಾಸ ಮಾಡಿ, ಮಾತ್ರೆ ಮಾತ್ರ ಎಂದಿನಂತೆ ನುಂಗಿದ್ರಾ? ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಮಾತ್ರೆಗಳು ನೀವು ಉಂಡ್ರೂ ಉಣ್ಣದಿದ್ರೂ ಇನ್ಸುಲಿನ್ ಬಿಡುಗಡೆ ಮಾಡಿಸ್ತವೆ.

ಇನ್ಸುಲಿನ್ ತಗೊಳ್ಳೋರು ಸಿರಿಂಜ್ ನೋಡಿ. ನಮ್ಮಲ್ಲಿ 40 ಮತ್ತು 100 ಅಂತ ಎರಡು ಸಾಮರ್ಥ್ಯದ ವಯಲ್ ಸಿಗುತ್ತೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನ ಕೆಂಪು ಸಿರಿಂಜ್‌ನಲ್ಲಿ '10' ಗೆರೆವರೆಗೆ ಎಳೆದ್ರೆ, ಒಳಗೆ ಹೋಗೋದು 25 ಯೂನಿಟ್. ಅಂದ್ರೆ ಎರಡೂವರೆ ಪಟ್ಟು! ಮೆಡಿಕಲ್ ಶಾಪ್‌ನಲ್ಲಿ ವಯಲ್ ಬದಲಾದ್ರೆ ಸಿರಿಂಜ್ ಕೂಡ ಬದಲಾಗಬೇಕು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ರೆ ಅಲ್ಲಿ ಔಷಧಿ ಸರಿಯಾಗಿ ಹೀರಲ್ಲ. ಡೋಸ್ ಅದೇ ಇಟ್ಟು ಹೊಸ ಜಾಗಕ್ಕೆ ಹಾಕಿದ ದಿನ ದಿಢೀರ್ ಲೋ ಆಗಬಹುದು.

ತೋಳಿಗೆ ಸೆನ್ಸರ್ ಅಂಟಿಸಿಕೊಂಡೋರಿಗೆ ಇನ್ನೊಂದು ವಿಷಯ. ಆ ತೋಳಿನ ಮೇಲೆ ಮಲಗಿ ಒತ್ತಿದ್ರೆ, ನಿಜವಾಗಿ ಲೋ ಇಲ್ಲದಿದ್ರೂ ಮೊಬೈಲ್ ಕೂಗಬಹುದು. ಸೆನ್ಸರ್ ಅಳೆಯೋದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನ. ಅನುಮಾನ ಬಂದ್ರೆ ಕೈ ತೊಳೆದು ಬೆರಳು ಚುಚ್ಚಿ ನೋಡಿ. ಆದರೆ ಮೈ ಬೆವರ್ತಾ ನಡುಗ್ತಾ ಇದ್ರೆ ಮಷೀನ್ ಹುಡುಕ್ತಾ ಕೂರಬೇಡಿ, ಮೊದಲು ಗ್ಲೂಕೋಸ್ ಕುಡಿಸಿ.

ಇದ್ಯಾವುದೂ ಅಲ್ಲ, ಆದ್ರೂ ಪದೇ ಪದೇ ಲೋ ಆಗ್ತಿದೆಯಾ? ಹಾಗಾದ್ರೆ ಕಿಡ್ನಿ ಪರೀಕ್ಷೆ ಮಾಡಿಸಬೇಕು. ಕಿಡ್ನಿ ನಿಧಾನವಾದ್ರೆ ಇನ್ಸುಲಿನ್, ಮಾತ್ರೆ ಎರಡೂ ದೇಹದಲ್ಲಿ ಹೆಚ್ಚು ಹೊತ್ತು ಉಳೀತವೆ. ವರ್ಷಗಳಿಂದ ಒಗ್ಗಿದ್ದ ಡೋಸೇ ಈಗ ಜಾಸ್ತಿಯಾಗುತ್ತೆ. ಇದನ್ನ 'ಶುಗರ್ ವಾಸಿ ಆಗ್ತಿದೆ' ಅಂತ ಖುಷಿಪಟ್ಟು ಸುಮ್ಮನಾಗೋದು ಅಪಾಯ. ಪದೇ ಪದೇ ಲೋ ಆದವರಿಗೆ ಕ್ರಮೇಣ ಬೆವರು, ನಡುಕದ ಮುನ್ಸೂಚನೆಯೂ ನಿಂತುಹೋಗುತ್ತೆ.

ಹಾಗಂತ ಔಷಧಿ ನೀವೇ ನಿಲ್ಲಿಸಬೇಡಿ. ಮೊಬೈಲ್‌ನಲ್ಲೇ ಬರೆದಿಡಿ: ಎಷ್ಟು ಗಂಟೆಗೆ ಲೋ, ರೀಡಿಂಗ್ ಎಷ್ಟು, ಹಿಂದಿನ 24 ಗಂಟೆಯ ಊಟ, ಓಡಾಟ, ಔಷಧಿ. ಆ ಪಟ್ಟಿ, ವಯಲ್, ಸಿರಿಂಜ್ ಎಲ್ಲವನ್ನೂ ಡಾಕ್ಟರ್ ಮುಂದೆ ಇಡಿ. ಡೋಸ್ ಬದಲಿಸೋದು ಅವರ ಕೆಲಸ.