ಕನ್ನಡಕದ ಹೊಳಪು

ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಹೊಳೆ ತಿಳಿಯಾಗಿದ್ದಾಗ ದಡದಲ್ಲಿ ಬಗ್ಗಿ ನೋಡಿ. ಅಡಿಯ ಹೊಯ್ಗೆ ಕಾಣುತ್ತದೆ. ನಮ್ಮ ಮುಖವೂ ಕಾಣುತ್ತದೆ. ಬೆಳಕು ಹೆಚ್ಚಿನ ಪಾಲು ನೀರಿನೊಳಗೆ ಹೋಯಿತು, ಸ್ವಲ್ಪ ವಾಪಸು ಬಂತು.

ಕನ್ನಡಕದ ಗಾಜಿನಲ್ಲೂ ಹೀಗೇ. 100 ಪಾಲು ಬೆಳಕು ಬಿದ್ದರೆ ಸುಮಾರು 8 ಪಾಲು ವಾಪಸು ಬರುತ್ತದೆ. ಅದಕ್ಕೇ ಫೋಟೋದಲ್ಲಿ ಕಣ್ಣಿನ ಜಾಗದಲ್ಲಿ ಬರೀ ಹೊಳಪು. "ಕನ್ನಡಕ ಹಾಕ್ರೆ ಕಣ್ಣೇ ಕಾಣ್ತಿಲ್ಲೆ, ಚಂದ ಇಲ್ಲೆ" ಎಂದು ಕೆಲವರು ತೆಗೆದಿಡುತ್ತಾರೆ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಕನ್ನಡಕ ಬಿಟ್ಟರೆ ಕಲಿತ ಅಕ್ಷರವೂ ಕೈ ಬಿಟ್ಟಂತೆ.

ಹೊಳಪು ತಗ್ಗಿಸಲು ಉಪಾಯ ಉಂಟು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಸ್ಮಕುಲ ಎಂಬ ವಿಜ್ಞಾನಿ ಗಾಜಿಗೆ ತೆಳು ಲೇಪ ಕೊಡುವ ದಾರಿ ಕಂಡರು. ಲೇಪ ಎಷ್ಟು ತೆಳು? ತಲೆಕೂದಲಿನ ನೂರಾರು ಪಾಲಿನಲ್ಲಿ ಒಂದು ಪಾಲು. ಲೇಪದ ಮೇಲಿನಿಂದ ಬೆಳಕಿನ ಒಂದು ಅಲೆ, ಅಡಿಯಿಂದ ಇನ್ನೊಂದು ಅಲೆ ವಾಪಸು ಬರುತ್ತದೆ. ಒಂದರ ಏರು ಇನ್ನೊಂದರ ಇಳಿತಕ್ಕೆ ಸೇರಿ ಎರಡೂ ಅಡಗುತ್ತವೆ. ಆಗ ಕಣ್ಣು ಕಾಣುತ್ತದೆ. ಅಂಗಡಿಯಲ್ಲಿ ಇದಕ್ಕೆ 'ಆಂಟಿಗ್ಲೇರ್' ಎನ್ನುತ್ತಾರೆ. ಓರೆ ಹಿಡಿದರೆ ಹಸಿರೋ ನೇರಳೆಯೋ ಛಾಯೆ ಕಾಣುತ್ತದೆ.

ಈಗ ಗಾಜಿನಲ್ಲೇ ಅಕ್ಷರ, ಚಿತ್ರ ತೋರಿಸುವ ಕನ್ನಡಕಗಳೂ ಬಂದಿವೆ. ಕೆಲವದರ ಗಾಜು ಎದುರಿನವರಿಗೆ ಕಾಮನಬಿಲ್ಲಿನ ತೇಪೆ ಹಾಕಿದ ಹಾಗೆ ಕಾಣುತ್ತದೆ. ಅದನ್ನು ಮರೆಸಲು ಕಂಪನಿಗಳು ಇಂಥ ಲೇಪಗಳನ್ನೂ ಬಳಸುತ್ತವೆ.

ಕಾಸು ಸಾಲದಿದ್ದರೆ ಲೇಪ ಬೇಡ, ಕನ್ನಡಕ ಬೇಕು. ಲೇಪ ಇದ್ದರೆ ಒಂದು ಜಾಗ್ರತೆ. ನಮ್ಮ ಕಡಲ ಗಾಳಿಗೆ ಉಪ್ಪು, ಹೊಯ್ಗೆ ಗಾಜಿನ ಮೇಲೆ ಕೂರುತ್ತದೆ. ಸೆರಗಿನಿಂದಲೋ ಬೈರಾಸಿನಿಂದಲೋ ಹಾಗೇ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ತಣ್ಣೀರಲ್ಲಿ ತೊಳೆಯಿರಿ, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ.