ಅತ್ಯಾಚಾರದ ಮೊಕದ್ದಮೆ: ತನಿಖೆ ನಡೆಯುವ ಬಗೆ ಮತ್ತು ಊರಿನವರ ಕರ್ತವ್ಯ

ಕಣದಲ್ಲಿ ಒಣಹಾಕಿದ ಕಾಫಿಯನ್ನು ಯಾರಾದರೂ ರಾತ್ರಿ ಹೊತ್ತೊಯ್ದರೆ, ಬೆಳಗಾಗುತ್ತಲೇ ನಾವು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತೇವೆ. ಕಳ್ಳನ ಹೆಜ್ಜೆಗುರುತು ಅಳಿಯದಂತೆ ಕಾಯುತ್ತೇವೆ. ಆದರೆ ಊರಿನ ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರ ನಡೆದರೆ ಮಾಡುವುದೇನು? ಮೊದಲು ಆಕೆಗೆ ಸ್ನಾನ ಮಾಡಿಸುತ್ತೇವೆ, ಬಟ್ಟೆ ಒಗೆಯುತ್ತೇವೆ, ಆಮೇಲೆ ಮನೆತನದ ಮಾನ ಎಂದು ಬಾಯಿ ಮುಚ್ಚಿಕೊಳ್ಳುತ್ತೇವೆ. ಇದರಿಂದ ಉಳಿಯುವುದು ಅಪರಾಧಿಯ ಮಾನ ಮಾತ್ರ. ಆದ್ದರಿಂದ ಇಂಥ ಮೊಕದ್ದಮೆಯಲ್ಲಿ ಪೊಲೀಸರು ಏನು ಮಾಡುತ್ತಾರೆ, ನಾವು ಏನು ಮಾಡಬೇಕು ಎಂಬುದನ್ನು ಆಲೂರು, ಸಕಲೇಶಪುರದ ರೈತಬಾಂಧವರು ತಿಳಿದಿರುವುದು ಅಗತ್ಯ.

ನಮ್ಮ ಜಿಲ್ಲೆಯದೇ ನಿದರ್ಶನ

2024ರ ಏಪ್ರಿಲಿನಲ್ಲಿ ಹಾಸನದ ಅಂದಿನ ಲೋಕಸಭಾ ಸದಸ್ಯ ಪ್ರಜ್ವಲ್ ರೇವಣ್ಣ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪಗಳು ಬಂದಾಗ ಸರ್ಕಾರವು ವಿಶೇಷ ತನಿಖಾ ತಂಡವನ್ನು ರಚಿಸಿತು. ಮನೆಗೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ಕೊಟ್ಟ ದೂರು, ಕೆಲವು ವರ್ಷಗಳ ಹಿಂದೆ ನಡೆದ ಕೃತ್ಯಕ್ಕೆ ಸಂಬಂಧಿಸಿದ್ದು. ಆದರೂ ತೋಟದ ಮನೆಯನ್ನು ಶೋಧಿಸಿದಾಗ ಆಕೆಯ ಸೀರೆ ಸಿಕ್ಕಿತು. ಅದರ ಮೇಲಿನ ಕಲೆಯ ಡಿಎನ್‌ಎ ಪರೀಕ್ಷೆಯು ಮುಖ್ಯ ಸಾಕ್ಷ್ಯವಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಆರೋಪಿಯನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ.

ಇದರಿಂದ ತಿಳಿಯಬೇಕಾದದ್ದು ಎರಡು ಮಾತು. ಒಗೆಯದೆ ಉಳಿದ ಬಟ್ಟೆ ವರ್ಷಗಳ ಮೇಲೂ ಸಾಕ್ಷಿ ಹೇಳಬಲ್ಲುದು. ತಡವಾಯಿತೆಂಬ ಒಂದೇ ಕಾರಣಕ್ಕೆ ದೂರು ಕೊಡದೆ ಸುಮ್ಮನಿರಬೇಕಾಗಿಲ್ಲ.

ದೂರು ಕೊಡುವುದು

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. 'ಇದು ನಮ್ಮ ಸರಹದ್ದಲ್ಲ' ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ದೂರಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅತ್ಯಾಚಾರದ ದೂರನ್ನು ದಾಖಲಿಸಿಕೊಳ್ಳದ ಅಧಿಕಾರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಎರಡು ವರ್ಷದವರೆಗೆ ಕಠಿಣ ಸಜೆ ಉಂಟು. ಠಾಣೆಯಲ್ಲಿ ಕೇಳದಿದ್ದರೆ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಬರೆದು ತಿಳಿಸಬೇಕು.

ನೊಂದವಳು ಹದಿನೆಂಟು ವರ್ಷ ತುಂಬದ ಹುಡುಗಿಯಾದರೆ ಪೋಕ್ಸೋ ಕಾಯ್ದೆ ಅನ್ವಯಿಸುತ್ತದೆ. ವಿಷಯ ತಿಳಿದವರು ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದ ಹೆಣ್ಣುಮಗಳ ಮೇಲೆ ಹೊರಗಿನವನು ದೌರ್ಜನ್ಯ ನಡೆಸಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ. ಆಗ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತನಿಖೆ ಮಾಡಬೇಕು.

ವೈದ್ಯರ ಪರೀಕ್ಷೆ

ದೂರು ತಲುಪಿದ 24 ಗಂಟೆಯೊಳಗೆ ಪೊಲೀಸರು ಆಕೆಯನ್ನು ವೈದ್ಯರ ಬಳಿಗೆ ಕಳುಹಿಸಬೇಕು. ಆಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ. ವೈದ್ಯರು ಗಾಯಗಳನ್ನು ಬರೆದಿಟ್ಟು, ಹತ್ತಿಯ ಕಡ್ಡಿಯಿಂದ ಮಾದರಿ ತೆಗೆದು, ಏಳು ದಿನದೊಳಗೆ ವರದಿ ಕೊಡಬೇಕು. ಹಿಂದೆ ಬಳಕೆಯಲ್ಲಿದ್ದ 'ಎರಡು ಬೆರಳ ಪರೀಕ್ಷೆ'ಯನ್ನು ಮಾಡಕೂಡದೆಂದು ಸುಪ್ರೀಂ ಕೋರ್ಟು 2022ರಲ್ಲಿ ಖಂಡಿತವಾಗಿ ಹೇಳಿದೆ.

ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು. ಎಚ್‌ಐವಿ ಸೋಂಕು ತಗಲದಂತೆ ಕೊಡುವ ಔಷಧಿಯನ್ನು 72 ಗಂಟೆಯೊಳಗೆ ಆರಂಭಿಸಬೇಕಾಗುತ್ತದೆ. ಆದ್ದರಿಂದ ದೂರು ಕೊಡಲು ಮನಸ್ಸು ಗಟ್ಟಿಯಾಗದಿದ್ದರೂ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು.

ಬಟ್ಟೆಯನ್ನು ಕಾಪಾಡುವುದು

ಆಸ್ಪತ್ರೆಗೆ ಹೋಗುವ ಮುನ್ನ ಸ್ನಾನ ಮಾಡದಿರುವುದು, ಬಟ್ಟೆ ಒಗೆಯದಿರುವುದು ಒಳ್ಳೆಯದು. ತಿಳಿಯದೆ ಸ್ನಾನ ಮಾಡಿದ್ದರೂ ಪರೀಕ್ಷೆ ಮಾಡಿಸಬಹುದು. ಬಟ್ಟೆ ಬದಲಾಯಿಸಿದ್ದರೆ ತೊಟ್ಟಿದ್ದ ಬಟ್ಟೆಯನ್ನು ಕೊಡವದೆ ಜೊತೆಗೆ ಒಯ್ಯಬೇಕು.

ನಮ್ಮ ಮಲೆನಾಡಿನ ಮಳೆಯಲ್ಲಿ ಬಟ್ಟೆ ಒದ್ದೆಯಾಗಿರುವುದು ಸಹಜ. ಹಸಿ ಕಾಫಿ ಬೀಜವನ್ನು ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುವುದಷ್ಟೆ? ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೂ ಹಾಗೆಯೇ ಕೊಳೆತು, ಅದರ ಮೇಲಿನ ಗುರುತು ಹಾಳಾಗುತ್ತದೆ. ಅದನ್ನು ನೆರಳಿನಲ್ಲಿ ಆರಿಸಿ, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿಡಬೇಕು. ಬರಿಗೈಯಿಂದ ಪದೇ ಪದೇ ಮುಟ್ಟಬಾರದು.

ಮಹಜರು ಮತ್ತು ಪ್ರಯೋಗಾಲಯ

ಪೊಲೀಸರು ಕೃತ್ಯ ನಡೆದ ಸ್ಥಳಕ್ಕೆ ಬಂದು ಪಂಚರ ಎದುರಿನಲ್ಲಿ ಮಹಜರು ಬರೆಯುತ್ತಾರೆ. ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡುವುದು ಈಗ ಕಡ್ಡಾಯ. ಪಂಚರಾಗಿ ಕರೆಬರುವುದು ನಮ್ಮಂಥ ರೈತರಿಗೇ. ಹಿಂಜರಿಯದೆ ಹೋಗಿರಿ. ಆದರೆ ಕಣ್ಣಾರೆ ಕಂಡದ್ದಕ್ಕೆ ಮಾತ್ರ, ಓದಿಸಿ ಕೇಳಿದ ಮೇಲೆ, ಸಹಿ ಹಾಕಿರಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿರಿ. ಪೊಲೀಸರು ಬರುವವರೆಗೆ ಸ್ಥಳವನ್ನು ಯಾರೂ ತುಳಿಯದಂತೆ, ದನಕರು ನುಗ್ಗದಂತೆ ನೋಡಿಕೊಳ್ಳಿರಿ.

ಜಪ್ತಿಯಾದ ವಸ್ತುವಿಗೆ ಚೀಟಿ ಅಂಟಿಸಿ, ಮೊಹರು ಮಾಡಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಮಣ್ಣು ಪರೀಕ್ಷೆಗೆ ಕಳುಹಿಸುವಾಗ ಯಾವ ಹೊಲದ ಮಣ್ಣೆಂದು ಬರೆಯದಿದ್ದರೆ ಬಂದ ವರದಿಯಿಂದ ಪ್ರಯೋಜನವಿಲ್ಲ. ಇಲ್ಲಿಯೂ ಹಾಗೆಯೇ. ವಸ್ತು ಯಾರ ಕೈಯಿಂದ ಯಾರ ಕೈಗೆ, ಯಾವ ದಿನ ಹೋಯಿತೆಂಬ ಲೆಕ್ಕ ತಪ್ಪಿದರೆ ನ್ಯಾಯಾಲಯದಲ್ಲಿ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ.

ಹೇಳಿಕೆ

ನೊಂದವಳ ಹೇಳಿಕೆಯನ್ನು ಆಕೆಯ ಮನೆಯಲ್ಲಿ, ಅಥವಾ ಆಕೆ ಬಯಸಿದ ಸ್ಥಳದಲ್ಲಿ, ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿಯೇ ತಂದೆತಾಯಿ ಅಥವಾ ಹತ್ತಿರದ ಬಂಧುಗಳ ಎದುರಿಗೆ ಬರೆದುಕೊಳ್ಳಬೇಕು. ಬಳಿಕ ಮ್ಯಾಜಿಸ್ಟ್ರೇಟರೂ ಹೇಳಿಕೆ ದಾಖಲಿಸುತ್ತಾರೆ. ತನಿಖೆಯನ್ನು ಎರಡು ತಿಂಗಳೊಳಗೆ ಮುಗಿಸಬೇಕೆಂದು ಕಾನೂನಿದೆ. ವಿಚಾರಣೆ ನಡೆಯುವುದು ಮುಚ್ಚಿದ ಬಾಗಿಲಿನ ಹಿಂದೆ.

ಊರಿನವರು ಮಾಡಬಾರದ್ದು

1. ಅರಳಿಕಟ್ಟೆಯಲ್ಲಿ ರಾಜಿ ಮಾಡಿಸಬಾರದು. ಅತ್ಯಾಚಾರವು ರಾಜಿಗೆ ಒಳಪಡುವ ಅಪರಾಧವಲ್ಲ. ದಂಡ ಕಟ್ಟಿಸುವುದಾಗಲಿ, ಅವನಿಗೇ ಮದುವೆ ಮಾಡಿಕೊಡುವುದಾಗಲಿ ನ್ಯಾಯವಲ್ಲ.

2. ಆಕೆಯ ಹೆಸರು, ಊರು, ಭಾವಚಿತ್ರವನ್ನು ಹರಡಬಾರದು. ಹಾಗೆ ಪ್ರಕಟಿಸಿದವರಿಗೆ ಎರಡು ವರ್ಷದವರೆಗೆ ಸಜೆಯಿದೆ. 2024ರಲ್ಲಿ ನಮ್ಮ ಜಿಲ್ಲೆಯಲ್ಲಿ ಪೆನ್‌ಡ್ರೈವ್, ಮೊಬೈಲುಗಳ ಮೂಲಕ ಕೈಯಿಂದ ಕೈಗೆ ಹರಿದ ವಿಡಿಯೋಗಳಿಂದ ಎಷ್ಟೋ ಹೆಣ್ಣುಮಕ್ಕಳು ಊರಿನಲ್ಲಿ ಮುಖ ತೋರಿಸಲಾರದಂತಾಯಿತು. ನೋಡಿ ಮುಂದಕ್ಕೆ ಕಳುಹಿಸಿದವರೂ ಆ ಪಾಪದಲ್ಲಿ ಪಾಲುದಾರರು.

3. ಕಾಫಿ ತೋಟದ ಲೈನ್ ಮನೆಯವಳು, ಹೊರ ರಾಜ್ಯದ ಕೂಲಿಯವಳು ಎಂದು ಉದಾಸೀನ ಮಾಡಬಾರದು. ಕಾನೂನಿಗೆ ತೋಟದ ಯಜಮಾನನ ಮಗಳೂ ಆಕೆಯೂ ಒಂದೇ.

ತುರ್ತು ಸಮಯದಲ್ಲಿ 112ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೆ ಕರೆ ಮಾಡಿರಿ. ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ವಕೀಲರ ನೆರವು ಉಚಿತ. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿದರೆ ದೊರೆಯುತ್ತದೆ. ಈ ವಿಷಯವನ್ನು ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿಯೂ ಗ್ರಾಮಸಭೆಯಲ್ಲಿಯೂ ಓದಿ ಹೇಳಿದರೆ, ಓದು ಬಾರದ ಹೆಣ್ಣುಮಕ್ಕಳಿಗೂ ತಿಳಿದಂತಾಗುವುದು.